ಮಾಳಿಗೆ ಕಪ್ಪಾದಾಗ: ಆಸಿಡ್, ಪ್ರೆಶರ್ ವಾಷರ್, ಬ್ಲೀಚಿಂಗ್ ಪೌಡರ್, ಮೂರೂ ಮಾಡಿ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಬ್ಲೀಚಿಂಗ್ ಪೌಡರಿಗೆ. ಆಸಿಡ್ ಹಾಕಿಸಿ ಮಾಳಿಗೆ ಕೆಡಿಸಿಕೊಂಡವಳು ನಾನು. ಇನ್ನೊಬ್ಬರು ಕೆಡಿಸಿಕೊಳ್ಳಬಾರದು ಅಂತ ಇಷ್ಟು ಬರೆಯುತ್ತಿದ್ದೇನೆ.

ನಮ್ಮದು ದಾವಣಗೆರೆ, ವಿದ್ಯಾನಗರದ ಕಡೆ ಮನೆ. 18 ವರ್ಷದ ಆರ್‌ಸಿಸಿ ಮಾಳಿಗೆ. ಟ್ಯಾಂಕಿನ ಕೆಳಗಿನ ಮೂಲೆ ಮತ್ತು ಪ್ಯಾರಾಪೆಟ್ ಗೋಡೆಯ ಬುಡ ದೋಸೆ ಹಂಚಿನ ತಳದ ಹಾಗೆ ಕಪ್ಪಾಗಿತ್ತು. ಮಂಡಕ್ಕಿ ಭಟ್ಟಿ ಹೊಗೆಯ ಮಸಿ ಇರಬೇಕು ಅಂದುಕೊಂಡಿದ್ದೆ. ಒಂದಿನ ಒಂದು ಚೆಂಬು ನೀರು ಚೆಲ್ಲಿ, ಸ್ವಲ್ಪ ಹೊತ್ತು ಬಿಟ್ಟು ಕೆರೆದು ನೋಡಿದೆ. ಉಗುರಿನ ಸಂದಿಯಲ್ಲಿ ಹಸಿರು ಲೋಳೆ ಬಂತು. ಅದು ಮಸಿಯಲ್ಲ, ಪಾಚಿ. ಒಣಗಿದಾಗ ಕಪ್ಪು ಕಾಣುತ್ತದೆ, ಅಷ್ಟೆ. ಮಸಿಯನ್ನು ತೊಳೆದರೆ ಸಾಕು, ಪಾಚಿಯನ್ನು ಸಾಯಿಸಬೇಕು. ಇದು ತಿಳಿಯುವ ಹೊತ್ತಿಗೆ ಆಸಿಡ್ ಹಾಕಿಸಿಯಾಗಿತ್ತು.

ಕೆಲಸಕ್ಕೆ ಬಂದ ಹುಡುಗ, "ಅಕ್ಕಾರೆ, ಅರ್ಧ ತಾಸು ಸಾಕ್ ನೋಡ್ರಿ, ಹೊಸಾ ಮಾಳಿಗಿ ಆದಂಗೆ ಆಕ್ಕತಿ" ಅಂದ. 5 ಲೀಟರ್ ಕ್ಯಾನು, ಕೂಲಿ ಸೇರಿ 900 ರೂಪಾಯಿ. ಸುರಿದ ಕೂಡಲೇ ಬುಸುಬುಸು ನೊರೆ ಎದ್ದಿತು. ಅವನು ಹೇಳಿದ ಹಾಗೇ ಅರ್ಧ ತಾಸಿಗೆ ಕಪ್ಪೆಲ್ಲ ಮಾಯ. ನನಗೆ ಎಷ್ಟು ಖುಷಿಯಾಯಿತು ಅಂದರೆ ಅಕ್ಕಪಕ್ಕದವರನ್ನೂ ಕರೆದು ತೋರಿಸಿದೆ.

ಆ ನೊರೆ ಎದ್ದದ್ದು ಕೊಳೆಯಿಂದಲ್ಲ, ಸಿಮೆಂಟಿನಿಂದ. ಸಿಮೆಂಟಿನಲ್ಲಿ ಸುಣ್ಣದ ಅಂಶ ಇರುತ್ತದೆ, ಆಸಿಡ್ ಅದನ್ನು ತಿನ್ನುತ್ತದೆ. ಮೇಲಿನ ಪದರವೇ ಕರಗಿ ಹೋದರೆ ಅದಕ್ಕೆ ಅಂಟಿದ ಕಲೆಯೂ ಹೋಗುತ್ತದೆ, ಅಲ್ವಾ? ಎರಡು ದಿನ ಬಿಟ್ಟು ಸಂಡಿಗೆ ಇಡಲು ಹೋದೆ, ಅಂಗಾಲಿಗೆಲ್ಲ ಮರಳು. ಗುಡಿಸಿದೆ, ಒಂದು ಮೊರ ಮರಳು ಬಂತು. ಮರುದಿನ ಗುಡಿಸಿದರೆ ಮತ್ತೆ ಅಷ್ಟೇ. ನುಣ್ಣಗಿದ್ದ ನೆಲ ಹೊಸದಾಗಿ ಮುಳ್ಳು ಹೊಡೆಸಿದ ಒರಳಿನ ಹಾಗೆ ತರಿತರಿಯಾಗಿತ್ತು.

ಮುಂದಿನ ಮಳೆಗಾಲದಲ್ಲಿ ಆ ತರಿಯ ಸಂದಿಯಲ್ಲೇ ನೀರು, ಧೂಳು ನಿಂತು ಪಾಚಿ ಮೊದಲಿಗಿಂತ ದಪ್ಪಗೆ ಬಂತು. ಅಡುಗೆಮನೆಯ ಸೂರಿನಲ್ಲಿ ತಟ್ಟೆಯಗಲ ತೇವ ಕಾಣಿಸಿತು. ಬಟ್ಟೆ ಹಗ್ಗದ ಕಬ್ಬಿಣದ ಕಂಬಕ್ಕೆ ಬುಡದಲ್ಲಿ ತುಕ್ಕು. ಗಾರೆಯವರನ್ನು ಕರೆಸಿ ಆ ಮೂಲೆಗೆ ಹೊಸ ಗಿಲಾವು ಮಾಡಿಸಲು 4,500 ರೂಪಾಯಿ ಹೋಯಿತು. ದುಡ್ಡು ಹೋಗಲಿ. ಆ ಹುಡುಗ ಬರಿಗಾಲಲ್ಲಿ, ಮೂಗಿಗೆ ಒಂದು ಬಟ್ಟೆಯೂ ಇಲ್ಲದೆ ಆಸಿಡ್ ಸುರಿಯುತ್ತಿದ್ದ. ನಾನು ನೋಡುತ್ತ ನಿಂತಿದ್ದೆ, ಒಂದು ಮಾತೂ ಹೇಳಲಿಲ್ಲ. ಅದು ಈಗಲೂ ಮನಸ್ಸಿಗೆ ಚುಚ್ಚುತ್ತದೆ.

ಪ್ರೆಶರ್ ವಾಷರ್ ನನ್ನ ತಮ್ಮನದು, ಕಾರು ತೊಳೆಯಲು ತಂದದ್ದು. ಸಿಮೆಂಟಿನ ಮೇಲೆ ಕೆಲಸ ಚೆನ್ನಾಗಿ ಮಾಡುತ್ತದೆ. ಆದರೆ ನಿಮಿಷಕ್ಕೆ ಆರೇಳು ಲೀಟರ್ ನೀರು ಬೇಕು. ನಲ್ಲಿ ನೀರು ದಿನಾ ಬರದ ಊರಲ್ಲಿ ಒಂದು ತಾಸಿಗೆ 400 ಲೀಟರ್ ಚೆಲ್ಲಲು ನನಗೆ ಮನಸ್ಸು ಬರುವುದಿಲ್ಲ. ಒದ್ದೆ ನೆಲದ ಮೇಲೆ ಕರೆಂಟಿನ ವೈರು ಎಳೆದಾಡುವುದು ಇನ್ನೊಂದು ಭಯ.

ಹೊಳಲ್ಕೆರೆ ಕಡೆಯ ನಮ್ಮ ತವರುಮನೆಯ ಹೆಂಚಿಗೂ ತಮ್ಮ ಅದನ್ನೇ ಹಿಡಿದ. ಕೆಳಗೆ ನಿಂತು ಮೇಲ್ಮುಖವಾಗಿ ಹೊಡೆದ, ನೀರು ಹೆಂಚಿನ ಸಂದಿಯಿಂದ ಒಳಗೆ ನುಗ್ಗಿ ಎರಡು ಚೀಲ ರಾಗಿ ನೆನೆಯಿತು. ಹೆಂಚು ಹೊದಿಸುವುದು ಮೇಲಿನಿಂದ ಇಳಿಯುವ ನೀರಿಗೆ. ಆಮೇಲೆ ಮೇಲೆ ಹತ್ತಿದ, ಎರಡು ಹೆಂಚು ಲಟಕ್ ಅಂದವು. ಪುಣ್ಯಕ್ಕೆ ಕಾಲು ರೀಪಿನ ಮೇಲೆ ನಿಂತಿತು. ಹೆಂಚಿನ ಮನೆಗೆ ಇದು ಬೇಡವೇ ಬೇಡ. ಬೇಸಿಗೆಯಲ್ಲಿ, ಪಾಚಿ ಒಣಗಿದಾಗ, ಗಟ್ಟಿಯಾಗಿ ನಿಲ್ಲಿಸಿದ ಏಣಿಯಿಂದ ಕೈಗೆ ಎಟುಕುವಷ್ಟನ್ನು ಕಸಬರಿಗೆಯಲ್ಲಿ ಕೆಳಮುಖವಾಗಿ ಉಜ್ಜಿ. ಏಣಿ ಹಿಡಿಯಲು ಒಬ್ಬರು ಇರಲಿ.

ಈಗ ನನ್ನ ಬ್ಲೀಚಿಂಗ್ ಪೌಡರ್. ಮೊದಲು ಒಣ ಪಾಚಿಯನ್ನು ಕಡ್ಡಿ ಕಸಬರಿಗೆಯಲ್ಲಿ ಕೆರೆದು ಗುಡಿಸುತ್ತೇನೆ. 10 ಲೀಟರ್ ಪ್ಲಾಸ್ಟಿಕ್ ಬಕೆಟ್ಟಿನ ನೀರಿಗೆ ಕಾಲು ಕೆಜಿ ಪೌಡರ್. ನೀರಿಗೆ ಪೌಡರ್ ಹಾಕಬೇಕು, ಪೌಡರಿನ ಮೇಲೆ ನೀರು ಸುರಿಯಬಾರದು. ಗಂಟು ತಳಕ್ಕೆ ಇಳಿದ ಮೇಲೆ ಮೇಲಿನ ತಿಳಿಯನ್ನಷ್ಟೇ ಮಾಳಿಗೆಯ ಮೇಲೆ ಚೆಲ್ಲುತ್ತೇನೆ. ಬಿಸಿಲೇರಿದರೆ ಬೇಗ ಆರಿ ಶಕ್ತಿ ಹೋಗುತ್ತದೆ, ಆದ್ದರಿಂದ ಬೆಳಗ್ಗೆ ಆರೂವರೆಗೇ ಶುರು. ಇಪ್ಪತ್ತು ನಿಮಿಷ ನೆನೆದ ಮೇಲೆ ಉಜ್ಜಿದರೆ ಕಪ್ಪು ತೆಳ್ಳಗಿನ ಸಿಪ್ಪೆಯಾಗಿ ಏಳುತ್ತದೆ. ಉಳಿದ ಕಂದು ಛಾಯೆಗೆ ಇನ್ನೊಂದು ಸಲ.

ಒದ್ದೆ ಪಾಚಿ ತುಂಬಾ ಜಾರುತ್ತದೆ. ಮೆಟ್ಟಿಲಿನಿಂದ ದೂರದ ಮೂಲೆಯಲ್ಲಿ ಶುರು ಮಾಡಿ, ಬಾಗಿಲ ಕಡೆಗೆ ಬರುತ್ತ ಮುಗಿಸಿ. ಗಮ್‌ಬೂಟು, ಕೈಗವಸು, ಕನ್ನಡಕ, ಹಳೇ ಬಟ್ಟೆ. ನೆಲದಡಿಯ ಸಂಪ್ ತೊಟ್ಟಿಗೆ ಹೋಗುವ ಮಳೆನೀರಿನ ಪೈಪು ಮುಚ್ಚಿ, ಮುಂದಿನ ಮೊದಲ ಮಳೆಯ ನೀರನ್ನೂ ಹೊರಗೆ ಬಿಡಿ. ಕೆಳಗಿನ ಗಿಡಗಳಿಗೆ ಮೊದಲೇ ನೀರು ಹಾಕಿ, ಆ ಮೇಲೂ ಹಾಕಿ. ಬ್ಲೀಚಿಂಗ್ ಹಾಕಿದ ಕಡೆ ಆಸಿಡ್ ಯಾವತ್ತೂ ಸುರಿಯಬೇಡಿ. ಎರಡೂ ಸೇರಿದರೆ ಕ್ಲೋರಿನ್ ಗ್ಯಾಸ್ ಬರುತ್ತದೆ, ಅದು ಪ್ರಾಣಕ್ಕೇ ಅಪಾಯ.

ಒಂದೇ ತೊಂದರೆ ಹಳೇ ಪೌಡರ್. ಅಂಗಡಿಯಲ್ಲಿ ಬಾಯಿ ತೆರೆದಿಟ್ಟ ಚೀಲದಿಂದ ತಂದದ್ದು ಸುಣ್ಣದ ಪುಡಿಗೆ ಸಮ. ತಯಾರಾದ ತಿಂಗಳು ನೋಡಿ ಪ್ಯಾಕೆಟ್ ತನ್ನಿ. ಬೋರ್ ನೀರಿನ ಬಿಳಿ ಕಲೆ, ತುಕ್ಕಿನ ಕಲೆ ಇದಕ್ಕೆ ಜಗ್ಗುವುದಿಲ್ಲ.

ಎರಡು ಕೆಜಿಗೆ ನನಗೆ ಆದದ್ದು 120 ರೂಪಾಯಿ, ಮತ್ತೆ ಒಂದು ಭಾನುವಾರ. ಬೆಳಗ್ಗೆ ಬೇಗ ಏಳುವ ಅಭ್ಯಾಸ ಇದೆ, ಕೈಯಾರೆ ಉಜ್ಜಲು ಬೇಜಾರಿಲ್ಲ, ಹಾಗಾಗಿ ಇದು ನನಗೆ ಸರಿ. ಸೊಂಟ ನೋವಿದ್ದವರು ಆಳು ಇಟ್ಟು ಮಾಡಿಸಿ, ಅವರಿಗೂ ಬೂಟು ಕೊಡಿ. ಟ್ಯಾಂಕಿನ ಬಾಲ್ ಕಾಕ್ ಕೆಟ್ಟು ನೀರು ತುಂಬಿ ಹರಿಯುತ್ತಿತ್ತು. ಈ ಸಲ ಅದನ್ನೂ ಬದಲಾಯಿಸಿದೆ. ಒಂದು ಮಳೆಗಾಲ ಕಳೆದಿದೆ. ಪ್ಯಾರಾಪೆಟ್ ಬುಡದಲ್ಲಿ ಸ್ವಲ್ಪ ಹಸಿರು ಬಂದಿದೆ, ಟ್ಯಾಂಕಿನ ಕೆಳಗಿನ ಮೂಲೆ ಒಣಗೇ ಇದೆ.