ಹೊಸಬರ ಮೊದಲ ಪೋಸ್ಟ್‌ಗೆ ಕಾವಲು: ಡಿಸ್ಕೋರ್ಸ್ ಜೊತೆ ಆರು ವರ್ಷ

ಸೈಕಲ್ ರಿಪೇರಿ ಬಗ್ಗೆ ಮಾತಾಡುವ ಒಂದು ಸಣ್ಣ ಫೋರಮ್‌ಗೆ ನಾನು ಮಾಡರೇಟರ್. ಸಂಬಳವಿಲ್ಲ, ಆಗಾಗ ಬೈಗುಳ ಮಾತ್ರ ಸಿಗುತ್ತದೆ. ಆರು ವರ್ಷದಿಂದ ನಾವು ಬಳಸುತ್ತಿರುವುದು ಡಿಸ್ಕೋರ್ಸ್ ಅನ್ನುವ ಓಪನ್ ಸೋರ್ಸ್ ತಂತ್ರಾಂಶ. ಅದರ ಎಲ್ಲ ಸೌಲಭ್ಯಗಳ ಬಗ್ಗೆ ಬರೆಯಲು ಹೋಗುವುದಿಲ್ಲ. ಹೊಸಬರ ಮೊದಲ ಪೋಸ್ಟನ್ನು ಅದು ಹೇಗೆ ನೋಡಿಕೊಳ್ಳುತ್ತದೆ ಅನ್ನುವುದಷ್ಟೇ ಇಲ್ಲಿನ ವಿಷಯ. ಬೆಳಿಗ್ಗೆ ಎದ್ದು ನಾನು ಮೊದಲು ತೆರೆಯುವುದೇ ಅದರ ರಿವ್ಯೂ ಕ್ಯೂ, ಅಂದರೆ ನಮ್ಮ ಒಪ್ಪಿಗೆಗೆ ಕಾದು ಕೂತ ಪೋಸ್ಟ್‌ಗಳ ಸಾಲು.

ಹಿಂದೆ ಬೇರೊಂದು ಫೋರಮ್‌ನಲ್ಲಿ ನಾನೂ ಹೊಸಬನಾಗಿದ್ದೆ. ಹಿಂದಿನ ಚಕ್ರದ ಬೇರಿಂಗ್ ಬಗ್ಗೆ ಅರ್ಧ ಗಂಟೆ ಕೂತು ಪ್ರಶ್ನೆ ಬರೆದೆ. ಸಬ್ಮಿಟ್ ಒತ್ತಿದೆ. ಪೋಸ್ಟ್ ಮಾಯ! ಒಂದು ಸಾಲಿನ ಸೂಚನೆಯೂ ಇಲ್ಲ. ನಾನೇ ಏನೋ ತಪ್ಪು ಒತ್ತಿರಬೇಕು ಅಂದುಕೊಂಡು ಮತ್ತೆ ಬರೆದೆ. ಅದೂ ಹೋಯಿತು. ನಾಲ್ಕು ದಿನ ಆದಮೇಲೆ ಎರಡೂ ಒಟ್ಟಿಗೆ ಕಾಣಿಸಿಕೊಂಡವು. ಕೆಳಗೆ, ಒಂದೇ ಪ್ರಶ್ನೆ ಎರಡು ಸಲ ಹಾಕಬೇಡಿ ಅಂತ ಬುದ್ಧಿಮಾತು ಬೇರೆ. ಅಷ್ಟೊತ್ತಿಗೆ ಬೇರಿಂಗ್ ನಾನೇ ಬಿಚ್ಚಿ, ತೊಳೆದು, ಹಾಕಿಯಾಗಿತ್ತು. ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಅದಕ್ಕೇ ಡಿಸ್ಕೋರ್ಸ್‌ನಲ್ಲಿ ನನಗೆ ಮೊದಲು ಹಿಡಿಸಿದ್ದು ತೀರಾ ಸಣ್ಣ ವಿಷಯ. ಪೋಸ್ಟ್ ತಡೆಹಿಡಿದರೆ ಬರೆದವರಿಗೆ ಆಗಲೇ ಹೇಳುತ್ತದೆ: ನಿಮ್ಮ ಪೋಸ್ಟ್ ತಲುಪಿದೆ, ಮಾಡರೇಟರ್ ಒಪ್ಪಬೇಕು, ಸ್ವಲ್ಪ ತಾಳಿ. ಹೀಗೆ ಹೇಳಿದರೆ ಅರ್ಧ ಸಿಟ್ಟು ಅಲ್ಲೇ ಇಳಿಯುತ್ತದೆ, ಅಲ್ವಾ?

ಇದರಲ್ಲಿ ಸದಸ್ಯರಿಗೆ 0ಯಿಂದ 4ರವರೆಗೆ ನಂಬಿಕೆಯ ಮಟ್ಟಗಳಿವೆ. ಎಲ್ಲರೂ ಶುರುವಾಗುವುದು ಸೊನ್ನೆಯಿಂದ. ಆ ಮಟ್ಟದಲ್ಲಿ ಒಂದು ಪೋಸ್ಟ್‌ಗೆ 2 ಲಿಂಕ್, 1 ಚಿತ್ರ ಅನ್ನುವುದು ಮೂಲ ಸೆಟ್ಟಿಂಗ್. 5 ವಿಷಯಗಳನ್ನು ತೆರೆದು, 30 ಪೋಸ್ಟ್ ಓದಿ, ಒಟ್ಟು 10 ನಿಮಿಷ ಓದುತ್ತಾ ಕಳೆದರೆ ತಾನಾಗೇ 1ಕ್ಕೆ ಏರುತ್ತಾರೆ. ಯಾರನ್ನೂ ಕೇಳಬೇಕಿಲ್ಲ. ನನಗೆ ಇದು ತುಂಬಾ ಇಷ್ಟ. ಲಿಂಕ್ ಎಸೆದು ಓಡಿಹೋಗಲು ಬಂದವನಿಗೆ ಕೂತು ಓದುವಷ್ಟು ವ್ಯವಧಾನ ಎಲ್ಲಿರುತ್ತದೆ? ಒಂದು ಚಿತ್ರದ ಮಿತಿ ಮಾತ್ರ ನಮಗೆ ಹೊಂದಲಿಲ್ಲ. ಗೇರ್ ಸಮಸ್ಯೆ ತೋರಿಸಲು ಪಕ್ಕದಿಂದ ಒಂದು, ಹಿಂದಿನಿಂದ ಒಂದು ಫೋಟೋ ಬೇಕೇ ಬೇಕು. ಅದನ್ನು 3ಕ್ಕೆ ಏರಿಸಿಕೊಂಡೆವು.

ಇನ್ನೊಂದು ಮಜವಾದ ಕಾವಲಿದೆ. ಮೊದಲ ಪೋಸ್ಟನ್ನು 3 ಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ ಟೈಪ್ ಮಾಡಿದ್ದರೆ ಅದು ನೇರ ಕ್ಯೂಗೆ ಬರುತ್ತದೆ. ಮನುಷ್ಯರು ಅಷ್ಟು ಬೇಗ ಬರೆಯಲ್ಲ ಅನ್ನುವ ಲೆಕ್ಕ. ಬಾಟ್‌ಗಳು, ಅಂದರೆ ತಾವಾಗೇ ಪೋಸ್ಟ್ ಹಾಕುವ ಪ್ರೋಗ್ರಾಂಗಳು, ಇದರಲ್ಲಿ ಚೆನ್ನಾಗಿ ಸಿಕ್ಕಿಬೀಳುತ್ತವೆ. ಜೊತೆಗೆ ಪಾಪದವರೂ ಸಿಗುತ್ತಾರೆ. ಫೋನಿನ ನೋಟ್ಸ್‌ನಲ್ಲಿ ನಿಧಾನಕ್ಕೆ ಬರೆದುಕೊಂಡು, ತಿದ್ದಿ, ಕಾಪಿ ಮಾಡಿ ತಂದು ಅಂಟಿಸುವವರು ಇರುತ್ತಾರಲ್ಲ, ಅವರು. ಎಲ್ಲರಿಗಿಂತ ಜಾಸ್ತಿ ಯೋಚಿಸಿ ಬರೆದವರೇ ಬಾಟ್ ಹಾಗೆ ಕಾಣುವುದು ತಮಾಷೆಯೇ. ಈ ಕಾವಲನ್ನು ನಾವು ತೆಗೆದಿಲ್ಲ. ಕ್ಯೂ ನೋಡುವವರಿಗೆ ಒಂದು ಮಾತು ಹೇಳಿಟ್ಟಿದ್ದೇವೆ: ಕಾರಣ 'ಬೇಗ ಟೈಪ್ ಮಾಡಿದ್ದು' ಅಂತಿದ್ದರೆ ಪೋಸ್ಟನ್ನು ಪೂರ್ತಿ ಓದಿ.

ದೊಡ್ಡ ಎಡವಟ್ಟು ಮಾಡಿಕೊಂಡಿದ್ದು ನಾವೇ. ಎರಡನೇ ವರ್ಷ ಸ್ಪ್ಯಾಮ್ ವಿಪರೀತವಾಯಿತು. ಹೊಸಬರ ಮೊದಲ ಎಷ್ಟು ಪೋಸ್ಟ್‌ಗಳಿಗೆ ಒಪ್ಪಿಗೆ ಬೇಕು ಅಂತ ಒಂದು ಸೆಟ್ಟಿಂಗ್ ಇದೆ, ಮೂಲದಲ್ಲಿ ಅದು 0. ಸಿಟ್ಟಿನಲ್ಲಿ ಅದನ್ನು 3 ಮಾಡಿದೆವು. ಸ್ಪ್ಯಾಮ್ ನಿಂತಿತು. ಹೊಸಬರ ಮಾತೂ ನಿಂತಿತು. ಯಾರೋ ಪ್ರಶ್ನೆ ಕೇಳುತ್ತಾರೆ, ನಾವು ಬೆಳಿಗ್ಗೆ ಒಪ್ಪುತ್ತೇವೆ, ಹಳಬರೊಬ್ಬರು 'ಯಾವ ಮಾಡೆಲ್?' ಅಂತ ಕೇಳುತ್ತಾರೆ. ಅದಕ್ಕೆ ಕೊಟ್ಟ ಒಂದೇ ಪದದ ಉತ್ತರವೂ ಮತ್ತೆ ಕ್ಯೂನಲ್ಲಿ ಕೂರುತ್ತದೆ. ಮಾತುಕತೆ ಅನ್ನುವುದು ಅಂಚೆ ಕಾಗದದ ಹಾಗಾಯಿತು. ನಾಲ್ಕು ತಿಂಗಳು ಬೇಕಾಯಿತು ನಮಗೆ ಬುದ್ಧಿ ಬರಲು. ಈಗ 1 ಇಟ್ಟಿದ್ದೇವೆ. ಯಾವುದಾದರೂ ಪೋಸ್ಟ್ ಕ್ಯೂನಲ್ಲಿ 2 ಗಂಟೆ ಕೂತರೆ ಮಾಡರೇಟರ್‌ಗಳಿಗೆ ಸಂದೇಶ ಬರುವ ಹಾಗೂ ಮಾಡಿಕೊಂಡಿದ್ದೇವೆ. ನಾವು ಮೂರು ಜನ, ಸರದಿ ಹಾಕಿಕೊಂಡಿದ್ದೇವೆ. ನೋಡುವ ಕಣ್ಣಿಲ್ಲದ ಕ್ಯೂ ಇಡುವ ಬದಲು ಸುಮ್ನೆ ಬಾಗಿಲು ಮುಚ್ಚುವುದೇ ವಾಸಿ.

ಹಾಗಂತ ಒಂದು ಪೋಸ್ಟ್ ನೋಡಿ ಬಿಟ್ಟರೆ ಕೆಲಸ ಮುಗಿಯಲಿಲ್ಲ. ಚಾಲಾಕಿ ಸ್ಪ್ಯಾಮರ್‌ಗಳು ಮೊದಲು 'ಒಳ್ಳೆ ಮಾಹಿತಿ, ನನಗೂ ಇದೇ ಸಮಸ್ಯೆ' ಅಂತ ಬರೆಯುತ್ತಾರೆ. ಒಪ್ಪಿಗೆ ಸಿಕ್ಕ ಮೇಲೆ ಅದೇ ಪೋಸ್ಟನ್ನು ತಿದ್ದಿ ಲಿಂಕ್ ತುರುಕುತ್ತಾರೆ. ಇನ್ನು ಕೆಲವರು ಹಳೇ ಚರ್ಚೆಯಲ್ಲಿ ಯಾರೋ ಬರೆದ ಉತ್ತರವನ್ನೇ ಕದ್ದು ಮತ್ತೆ ಹಾಕುತ್ತಾರೆ. ಈಗೀಗ ಎಐ ಬರೆದ ನುಣುಪು ಪೋಸ್ಟ್‌ಗಳು ಬೇರೆ. ಅವುಗಳಲ್ಲಿ ಸೈಕಲ್ ಇರುತ್ತದೆ, ಗ್ರೀಸ್ ಅಂಟಿದ ಕೈ ಇರಲ್ಲ. ಇಂಥವನ್ನು ಯಾವ ಸೆಟ್ಟಿಂಗೂ ಪೂರ್ತಿ ಹಿಡಿಯುವುದಿಲ್ಲ. ಇವರು ಲಿಂಕ್ ಹಾಕುವುದು ಹೆಚ್ಚಾಗಿ ಸರ್ಚ್‌ನಲ್ಲಿ ತಮ್ಮ ಸೈಟ್ ಮೇಲೆ ಬರಲಿ ಅಂತ. ಸರ್ಚ್ ಎಂಜಿನ್‌ಗಳು ಲೆಕ್ಕಕ್ಕೆ ತಗೋಬಾರದು ಅಂತ ಲಿಂಕ್‌ಗೆ 'ನೋಫಾಲೋ' ಗುರುತು ಹಾಕುವ ಪದ್ಧತಿ 2005ರಿಂದಲೇ ಇದೆ. ಆದರೂ ಇವರ ಉತ್ಸಾಹ ಕುಗ್ಗಿಲ್ಲ.

ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತೇನೆ. ಉಳಿದ ಒಂದನ್ನು ಕಳೆದುಕೊಂಡಿದ್ದು ನಮ್ಮ ಆ ನಾಲ್ಕು ತಿಂಗಳು.

ಮೊನ್ನೆ ರಾತ್ರಿ ಕ್ಯೂನಲ್ಲಿ ಒಂದೇ ಪೋಸ್ಟ್ ಇತ್ತು. ಅಂಟಿಸಿದ್ದು, ಕಾರಣ ಅದೇ 3 ಸೆಕೆಂಡ್. 'ಪೆಡಲ್ ಒತ್ತಿದಾಗ ಚೈನ್ ಜಾರುತ್ತೆ, ಹೊಸ ಚೈನ್ ಹಾಕಿದ್ರೂ ಜಾರುತ್ತೆ.' ಜೊತೆಗೆ ಎರಡು ಫೋಟೋ. ದೊಡ್ಡದು ಮಾಡಿ ನೋಡಿದೆ. ಫ್ರೀವೀಲ್‌ನ, ಅಂದರೆ ಹಿಂದಿನ ಚಕ್ರದಲ್ಲಿ ಚೈನ್ ಕೂರುವ ಹಲ್ಲುಚಕ್ರದ, ಹಲ್ಲುಗಳು ಗರಗಸದ ಹಾಗೆ ಸವೆದು ಚೂಪಾಗಿದ್ದವು. ಒಪ್ಪಿಗೆ ಒತ್ತಿ, ಕೆಳಗೆ ಬರೆದೆ: ಚೈನ್ ತಪ್ಪಲ್ಲ, ಫ್ರೀವೀಲ್ ಬದಲಾಯಿಸಿ. ಬರೆದವರು ಇನ್ನೂ ಆನ್‌ಲೈನ್‌ನಲ್ಲೇ ಇದ್ದರು. ಎರಡೇ ನಿಮಿಷಕ್ಕೆ ಮರುಪ್ರಶ್ನೆ ಬಂತು: 'ಅದನ್ನ ಬಿಚ್ಚೋಕೆ ಯಾವ ಟೂಲ್ ಬೇಕು?'