‘ಇದ್ದ ಸ್ಥಿತಿಯಲ್ಲೇ’ ಎಂಬ ಒಂದು ಸಾಲು

ಕೋಲಾರದಲ್ಲಿ ಹಳೇ ಮನೆಯೊಂದರ ವ್ಯಾಪಾರ ಕೆಟ್ಟಿದ್ದು ಹೀಗೆ. ಮಾತಾದ ಬೆಲೆ 48 ಲಕ್ಷ, ಅಡ್ವಾನ್ಸ್ 5 ಲಕ್ಷ. ಅಗ್ರಿಮೆಂಟಿನಲ್ಲಿ ‘ಸ್ವತ್ತನ್ನು ಇದ್ದ ಸ್ಥಿತಿಯಲ್ಲೇ ಕೊಳ್ಳಲು ಒಪ್ಪಿರುತ್ತೇನೆ’ ಎಂದಿತ್ತು. ಮೊದಲ ಮಳೆಗೇ ತಾರಸಿ ಸೋರಿತು, ಬೋರು ಅರ್ಧ ಗಂಟೆಗೆ ಗಾಳಿ ಉಗುಳಿತು. ರಿಜಿಸ್ಟ್ರೇಷನ್‌ಗೆ ಎರಡು ದಿನ ಇರುವಾಗ 4 ಲಕ್ಷ ಇಳಿಸಿ ಎಂದರೆ ಮಾರುವವರು ಆ ಸಾಲನ್ನೇ ತೋರಿಸಿದರು. ಕೊನೆಗೆ ‘ರಿಜಿಸ್ಟ್ರೇಷನ್ ಮುಗೀಲಿ, ಒಂದೂವರೆ ಲಕ್ಷ ವಾಪಸ್ ಕೊಡ್ತೀವಿ’ ಎಂಬ ಬಾಯಿಮಾತು. ಕ್ರಯಪತ್ರದಲ್ಲಿ ಪೂರ್ತಿ ಹಣ ಸಂದಿದೆ ಎಂದು ಬರೆದಾಗಿತ್ತು. ಆ ದುಡ್ಡು ಬರಲಿಲ್ಲ.

1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಂ ಪ್ರಕಾರ, ತನಗೆ ಗೊತ್ತಿರುವ, ಕೊಳ್ಳುವವರು ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದ ಮುಖ್ಯ ದೋಷವನ್ನು ಮಾರುವವರು ಹೇಳಬೇಕು. ಆದರೆ ಆ ಕಲಂ ‘ಬೇರೆ ಕರಾರು ಇಲ್ಲದಿದ್ದರೆ’ ಎಂದೇ ಶುರುವಾಗುತ್ತದೆ. ‘ಇದ್ದ ಸ್ಥಿತಿಯಲ್ಲೇ’ ಎಂಬ ಸಾಲು ಅಂಥ ಕರಾರು ಹೌದೋ ಅಲ್ಲವೋ ಎಂದು ವಕೀಲರು ಜಗ್ಗಾಡುವುದು ಅಲ್ಲೇ. ಮೇಲಾಗಿ, ದೋಷ ಮಾರುವವರಿಗೆ ಗೊತ್ತಿತ್ತು ಎಂದು ಸಾಬೀತು ಮಾಡುವ ಹೊಣೆ ನಿಮ್ಮದು. ಕಣ್ಣಿಗೆ ಕಾಣುವ ಬಿರುಕಿಗಂತೂ ಈ ಕಲಂ ಆಸರೆಯಾಗದು.

ಹಾಗಾಗಿ ಚೌಕಾಸಿ ಅಡ್ವಾನ್ಸಿಗೆ ಮುಂಚೆ. ಒಂದೇ ಕೋಣೆಯ ಸೂರಿಗೆ ಮಾತ್ರ ಹೊಸ ಬಣ್ಣ ಬಳಿದಿದ್ದರೆ ಅನುಮಾನಿಸಿ, ಮೇಸ್ತ್ರಿಯನ್ನು ತಾರಸಿಗೆ ಹತ್ತಿಸಿ. ಬೋರನ್ನು ಹತ್ತು ನಿಮಿಷ ಓಡಿಸಿ ‘ನೀರು ಜೋರಾಗಿದೆ’ ಎಂದರೆ ನಂಬಬೇಡಿ. ಮೊದಲು ಬರುವುದು ರಾತ್ರಿಯೆಲ್ಲ ಕೊಳವೆಯಲ್ಲಿ ತುಂಬಿ ನಿಂತ ನೀರು. ಮೂರು ಗಂಟೆ ಓಡಿಸಿ, ಕೊನೆಯ ಗಂಟೆಯಲ್ಲಿ 1,000 ಲೀಟರ್ ಸಿಂಟೆಕ್ಸ್ ತುಂಬಲು ಎಷ್ಟು ಹೊತ್ತು ಹಿಡಿಯಿತು ನೋಡಿ. 20 ನಿಮಿಷವಾದರೆ ಗಂಟೆಗೆ 3,000 ಲೀಟರ್. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಫ್ಲೋರೈಡ್ ಪರೀಕ್ಷೆಯೂ ಆಗಲಿ: ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಲು ಆಗದು.

ಅಗ್ರಿಮೆಂಟ್ ಆಗಿಹೋಗಿದ್ದರೆ? ಸಬ್ ರಿಜಿಸ್ಟ್ರಾರ್ ಆಫೀಸಿನ ಮೆಟ್ಟಿಲ ಮೇಲೆ ಮಾತೆತ್ತಬೇಡಿ. ಆಗ ತುರ್ತು ನಿಮಗೇ ಹೊರತು ಅವರಿಗಲ್ಲ. ಹದಿನೈದು ದಿನ ಮುಂಚೆಯೇ ಇಬ್ಬರು ಮೇಸ್ತ್ರಿಗಳಿಂದ ಲಿಖಿತ ಅಂದಾಜು ತರಿಸಿ, ತಾರಸಿಗೆ ಇಷ್ಟು, ಬೋರಿಗೆ ಇಷ್ಟು ಎಂದು ಬಿಡಿಸಿ ಕೇಳಿ. ‘ಸ್ವಲ್ಪ ನೋಡ್ಕೊಳ್ಳಿ’ ಎಂದರೆ ಕೆಲಸ ಆಗುವುದಿಲ್ಲ.

ಒಪ್ಪಿದ ಹೊಸ ಬೆಲೆಗೆ ಅಂದೇ ಛಾಪಾ ಕಾಗದದ ಮೇಲೆ ಪೂರಕ ಕರಾರು ಬರೆಸಿ, ಇಬ್ಬರೂ ಸಹಿ ಹಾಕಿ. ಸಾಲವಿದ್ದರೆ ಅದರ ಪ್ರತಿಯನ್ನು ಬ್ಯಾಂಕಿಗೆ ಕೊಡಿ, ಅವರು ಹೊಸ ಬೆಲೆಗೆ ಸಾಲವನ್ನು ಮತ್ತೆ ಲೆಕ್ಕ ಹಾಕಬಹುದು. ಕ್ರಯಪತ್ರದಲ್ಲೂ ಅದೇ ಮೊತ್ತ ಇರಲಿ. ಬೆಲೆ ಇಳಿದರೂ ಮುದ್ರಾಂಕ ಶುಲ್ಕ ಇಳಿಯದೇ ಇರಬಹುದು, ಸರ್ಕಾರ ಗೊತ್ತುಮಾಡಿದ ಮಾರ್ಗಸೂಚಿ ಬೆಲೆ ಹೆಚ್ಚಿದ್ದರೆ ಅದರ ಮೇಲೇ ಕಟ್ಟಬೇಕು. ‘ಪತ್ರದಲ್ಲಿ ಹಳೇ ರೇಟೇ ಇರಲಿ, ವ್ಯತ್ಯಾಸ ಕ್ಯಾಶಲ್ಲಿ ಕೊಡ್ತೀವಿ’ ಎಂದು ಬ್ರೋಕರ್ ಹೇಳಿದರೆ ಪೆನ್ನು ಕೆಳಗಿಡಿ.