ಏವಾ ಗಾರ್ಡ್ನರ್ ಮ್ಯೂಸಿಯಂ: ಪೋಸ್ಟರ್‌ಗಳಾಚೆಗೂ ನೋಡುವುದಿದೆ

ಅಮೆರಿಕದ ನಾರ್ತ್ ಕೆರೊಲಿನಾದ ಸ್ಮಿತ್‌ಫೀಲ್ಡ್‌ನಲ್ಲಿರುವ ಹಳೇ ಹಾಲಿವುಡ್ ತಾರೆ ಏವಾ ಗಾರ್ಡ್ನರ್ ಹೆಸರಿನ ಮ್ಯೂಸಿಯಂ ದೊಡ್ಡದೇನಲ್ಲ. ಐ-95 ಹೆದ್ದಾರಿಯಿಂದ ತುಸು ಒಳಕ್ಕೆ ತಿರುಗಿದರೆ ಸಿಗುತ್ತದೆ. ಒಂದೂವರೆ ಗಂಟೆಯಾದರೂ ಇಟ್ಟುಕೊಳ್ಳಿ. ಅರ್ಧ ಗಂಟೆಯಲ್ಲಿ ಸುತ್ತಿ ಬರುವವರಿಗೆ ಪೋಸ್ಟರ್ ಬಿಟ್ಟು ಬೇರೇನೂ ನೆನಪಿರುವುದಿಲ್ಲ.

ಇಲ್ಲಿರುವುದರ ಬುನಾದಿ ಟಾಮ್ ಬ್ಯಾಂಕ್ಸ್ ಎಂಬ ಅಭಿಮಾನಿಯ ಸಂಗ್ರಹ. ಹುಡುಗನಾಗಿದ್ದಾಗ ಕಾಲೇಜು ವಿದ್ಯಾರ್ಥಿನಿ ಏವಾಳನ್ನು ಕಾಡಿಸಿ ಮುತ್ತು ಪಡೆದಿದ್ದವನು, ಆಮೇಲೆ ಜೀವನವಿಡೀ ಅವಳಿಗೆ ಸಂಬಂಧಿಸಿದ್ದೆಲ್ಲ ಕೂಡಿಟ್ಟ. ಹಾಗಾಗಿ ಫೋಟೊ, ಪೋಸ್ಟರ್, ಉಡುಪುಗಳ ವಿಷಯದಲ್ಲಿ ಈ ಜಾಗ ಶ್ರೀಮಂತ.

ಬಾಲ್ಯದ ಭಾಗವನ್ನು ನಿಧಾನವಾಗಿ ಓದಿ. 1922ರಲ್ಲಿ ಗ್ರ್ಯಾಬ್‌ಟೌನ್ ಎಂಬ ಹಳ್ಳಿಯ ಹೊಗೆಸೊಪ್ಪಿನ ರೈತನ ಏಳನೇ ಮಗುವಾಗಿ ಹುಟ್ಟಿದ ಹುಡುಗಿ, ನ್ಯೂಯಾರ್ಕ್‌ನಲ್ಲಿದ್ದ ಭಾವನ ಸ್ಟುಡಿಯೊ ಕಿಟಕಿಯಲ್ಲಿಟ್ಟ ಒಂದು ಫೋಟೊದಿಂದ 1941ರಲ್ಲಿ ಹಾಲಿವುಡ್‌ನ ದೊಡ್ಡ ಚಿತ್ರಸಂಸ್ಥೆ ಎಂಜಿಎಂ ಸೇರಿದಳು. ಅವಳ ದಕ್ಷಿಣ ಅಮೆರಿಕನ್ ರಾಜ್ಯಗಳ ಉಚ್ಚಾರಣೆ ಎಷ್ಟು ದಟ್ಟವಾಗಿತ್ತೆಂದರೆ, ಹಾಲಿವುಡ್‌ಗೆ ಕಳಿಸಿದ ಸ್ಕ್ರೀನ್ ಟೆಸ್ಟ್ (ನಟನೆಯ ಪರೀಕ್ಷೆಗೆ ತೆಗೆದ ತುಣುಕು)‌ನಲ್ಲಿ ಮಾತೇ ಇರಲಿಲ್ಲ.

ಉಡುಪುಗಳನ್ನು ಸೊಂಟದ ಹೊಲಿಗೆಯ ಹತ್ತಿರ ನೋಡಿ, ಮೈಗೆ ಅಂಟುವಂತೆ ಕೂರಿಸಿದ ಕೈಚಳಕ ಅಲ್ಲಿ ಕಾಣುತ್ತದೆ. ಹಳೇ ರೇಷ್ಮೆಗೆ ಬೆಳಕೇ ಶತ್ರು, ಬಣ್ಣ ಹೋಗುವುದಷ್ಟೇ ಅಲ್ಲ, ಎಳೆಯೇ ಪುಡಿಯಾಗುತ್ತದೆ. ಫ್ಲ್ಯಾಶ್ ಬೇಡ. ಪ್ರದರ್ಶನ ಬದಲಾಗುತ್ತಿರುತ್ತದೆ, ಆದ್ದರಿಂದ ಇಂಥದ್ದೇ ಉಡುಪು ಸಿಗುತ್ತದೆಂದು ನಂಬಿ ಹೋಗಬೇಡಿ. ಡಚ್ ಕಲಾವಿದ ಬರ್ಟ್ ಫೈಫರ್ ಬರೆದ ಭಾವಚಿತ್ರಗಳಲ್ಲಿ ಭಕ್ತಿ ಜಾಸ್ತಿ, ಏವಾ ಕಮ್ಮಿ.

1990ರಲ್ಲಿ ಲಂಡನ್‌ನಲ್ಲಿ ತೀರಿಕೊಂಡ ಅವಳ ಸಮಾಧಿ ಇದೇ ಊರಿನ ಸನ್‌ಸೆಟ್ ಮೆಮೊರಿಯಲ್ ಪಾರ್ಕ್‌ನಲ್ಲಿದೆ. ಅಲ್ಲಿಗೆ ಕಾರಿದ್ದರೆ ಸುಲಭ.

ಕೊರತೆ ಒಂದೇ: ಗಾಜಿನ ಪೆಟ್ಟಿಗೆಯಲ್ಲಿ ನಟನೆಯನ್ನು ಇಟ್ಟು ತೋರಿಸಲಾಗುವುದಿಲ್ಲ. ಹೋಗುವ ಮೊದಲು ಎರಡು ಚಿತ್ರ ನೋಡಿಕೊಳ್ಳಿ. ಐದು ವರ್ಷ ಚಿಲ್ಲರೆ ಪಾತ್ರಗಳಲ್ಲಿ ಕಳೆದ ಮೇಲೆ ಹೆಸರು ತಂದುಕೊಟ್ಟ 1946ರ 'ದ ಕಿಲ್ಲರ್ಸ್', ಮತ್ತೆ ಮೆಕ್ಸಿಕೊದ ಹೋಟೆಲ್ ಒಡತಿಯಾಗಿ ಮುಪ್ಪಿಗೆ ಅಂಜದೆ ನಿಂತ 1964ರ 'ದ ನೈಟ್ ಆಫ್ ದ ಇಗ್ವಾನಾ'. ಆಸ್ಕರ್‌ಗೆ ಹೆಸರು ಬಂದದ್ದು 'ಮೊಗಾಂಬೊ'ಗೆ ಮಾತ್ರ, ಆದರೂ ನಟನೆಗೆ 'ಇಗ್ವಾನಾ'ವೇ ಮೇಲು. ಹಾಡುಗಳ ಚಿತ್ರ 'ಷೋ ಬೋಟ್' ನೋಡಿ ಅವಳ ಹಾಡುಗಾರಿಕೆ ಅಳೆಯಬೇಡಿ, ಪರದೆಯ ಮೇಲೆ ಹಾಡುವ ದನಿ ಗಾಯಕಿ ಆನೆಟ್ ವಾರೆನ್‌ದು. ಏವಾಳ ಸ್ವಂತ ದನಿ ಬೇಕಿದ್ದರೆ ಆ ಚಿತ್ರದ ಹಾಡುಗಳ ಆಲ್ಬಂ ಕೇಳಿ. ನಮ್ಮವರಿಗೆ ಕುತೂಹಲ ಹುಟ್ಟಿಸುವ 'ಭೊವಾನಿ ಜಂಕ್ಷನ್'ನಲ್ಲಿ ಅವಳು ಆಂಗ್ಲೋ-ಇಂಡಿಯನ್ ಹುಡುಗಿ, ಆದರೆ ಅಲ್ಲಿ ಕಾಣುವ ರೈಲು ನಿಲ್ದಾಣ ಭಾರತದ್ದಲ್ಲ, ಲಾಹೋರಿನದು.